ಭಾರ ಇಳಿಸಿದ್ದು ಹತ್ತಿರ ಹೋಗಲಿಕ್ಕೆ

ಅಮೆರಿಕದ ಮೊಂಟಾನಾ, ಐಡಾಹೊ, ವಯೋಮಿಂಗ್, ಕೊಲರಾಡೊ ರಾಜ್ಯಗಳ ಬೆಟ್ಟಗಳಲ್ಲಿ ಚಳಿಗಾಲ ಕಾಲಿಡುವ ಮುಂಚಿನ ಕೆಲವು ವಾರ ಎಲ್ಕ್ ಬೇಟೆಯ ಕಾಲ. ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಜಿಂಕೆ, ಕಾಶ್ಮೀರದ ಹಂಗುಲ್‌ನ ಹತ್ತಿರದ ನೆಂಟ; ಬೆಳೆದ ಗಂಡು ಮುನ್ನೂರು ಕಿಲೋ ತೂಗುತ್ತದೆ. ಅದನ್ನು ಹೊಡೆಯಲಿಕ್ಕೆಂದು ಅಲ್ಲಿನ ಬೇಟೆಗಾರರಲ್ಲಿ ಒಂದು ಬಗೆಯ ಕೋವಿಯ ಆಸೆ ಈಗ ಜೋರಾಗಿದೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದಲ್ಲ, ಕೋವಿ ಕಟ್ಟುವ ಕಸುಬುದಾರನಿಗೆ ಹೇಳಿ ಮಾಡಿಸಿದ್ದು. ತೋಟಾ ಕೂರುವ ಆಕ್ಷನ್ ಟೈಟಾನಿಯಂದು, ಅದರ ಸಾಂದ್ರತೆ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ನಳಿಗೆಯ ಉಕ್ಕನ್ನು ತೆಳ್ಳಗೆ ಕಡೆದು, ಅದರ ಮೇಲೆ ಅಂಟಿನಲ್ಲಿ ನೆನೆಸಿದ ಕಾರ್ಬನ್ ನಾರನ್ನು ಸುತ್ತುತ್ತಾರೆ. ಹೆಗಲಿಗೆ ಆನಿಸುವ ಹಿಡಿ ವಾಲ್‌ನಟ್ ಮರದ್ದಲ್ಲ, ಅದೂ ಕಾರ್ಬನ್ ನಾರಿನ ತೆಳು ಚಿಪ್ಪು. ಹಳೆಯ ಉಕ್ಕು ಮತ್ತು ಮರದ ಮ್ಯಾಗ್ನಮ್ ಕೋವಿ ದುರ್ಬೀನು ಸೇರಿ ನಾಲ್ಕು, ನಾಲ್ಕೂವರೆ ಕಿಲೋ ತೂಗುತ್ತಿದ್ದರೆ ಇದು ಮೂರರ ಆಸುಪಾಸಿಗೆ ಇಳಿಯುತ್ತದೆ. ಬೆಲೆ ಐದಾರು ಸಾವಿರ ಡಾಲರ್ ದಾಟುವುದು ಮಾಮೂಲು. ಇಷ್ಟೆಲ್ಲ ಮಾಡಿದ ಮೇಲೆ ಅದಕ್ಕೆ ಕೊಡುವ ಕೆಲಸ ಮಾತ್ರ ಒಂದೇ: ಕಣಿವೆಯ ಈಚೆ ದಂಡೆಯಲ್ಲಿ ಮಲಗಿ ಆಚೆ ದಂಡೆಯ ಪ್ರಾಣಿಯನ್ನು ಆರುನೂರು, ಎಂಟುನೂರು ಗಜ ದೂರದಿಂದ ಹೊಡೆಯುವುದು.

ಈ ಕೋವಿಯೊಳಗೆ ಒಂದಕ್ಕೊಂದು ಹೊಂದದ ಎರಡು ಬಯಕೆಗಳು ಕೂಡಿಕೊಂಡಿವೆ. ಕೋವಿಯನ್ನು ಹಗುರ ಮಾಡಬೇಕೆಂಬ ಬಯಕೆ ಹುಟ್ಟಿದ್ದು ನಡಿಗೆಯಿಂದ. ಅಲಾಸ್ಕಾದ ಡಾಲ್ ಕುರಿಗಳ ಹಿಂದೆ ದಿನಗಟ್ಟಲೆ ಬಂಡೆ ಏರುವವನಿಗೆ, ಮೂರು ಸಾವಿರ ಮೀಟರ್ ಎತ್ತರದಲ್ಲಿ ಎಲ್ಕ್ ಹೆಜ್ಜೆ ಹಿಡಿದು ಹೋಗುವವನಿಗೆ ಹೆಗಲ ಮೇಲಿನ ಪ್ರತಿ ನೂರು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. 1980ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ ಕೆವ್ಲಾರ್ ಮತ್ತು ಗ್ರಾಫೈಟ್ ಹಿಡಿ ತೊಡಿಸಿ ಹಗುರ ಕೋವಿ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದವನು ಇಂಥ ನಡೆಯುವ ಬೇಟೆಗಾರ. ಅವರ ಹೆಸರುವಾಸಿ ಮಾದರಿಯ ಆಕ್ಷನ್ ಸಣ್ಣ ಮತ್ತು ಮಧ್ಯಮ ತೋಟಾಗಳಿಗೇ ಅಳೆದು ಮಾಡಿದ್ದು. ಮ್ಯಾಗ್ನಮ್‌ನ ಬಯಕೆ ಬಂದದ್ದು ಬೇರೆ ಕಡೆಯಿಂದ. ಆ ಮಾತು ಮೂಲತಃ ದೊಡ್ಡ ವೈನ್ ಸೀಸೆಯದು. ಹೆಚ್ಚು ಮದ್ದು ಹಿಡಿಯುವ ತೋಟಾಗೆ ಅಂಟಿಕೊಂಡಿತು. 1912ರಲ್ಲಿ ಇಂಗ್ಲೆಂಡಿನಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್‌ನ ವಂಶದಿಂದ 1963ರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ ಇಳಿದು ಬಂತು, ಇಂದಿಗೂ ದೂರದ ಈಡಿನ ಮಾತು ಬಂದರೆ ಮೊದಲು ನೆನಪಾಗುವ ತೋಟಾ ಅದೇ. ಮ್ಯಾಗ್ನಮ್ ಕೊಡುವುದು ವೇಗ, ವೇಗ ಕೊಡುವುದು ದೂರ. ಹಗುರ ಕೋವಿ ಪ್ರಾಣಿಯ ಹತ್ತಿರ ಹೋಗಲಿಕ್ಕೆ ಅನುವು ಮಾಡುತ್ತದೆ, ದೂರದ ಮ್ಯಾಗ್ನಮ್ ಹತ್ತಿರ ಹೋಗುವ ಅಗತ್ಯವನ್ನೇ ತೆಗೆದುಹಾಕುತ್ತದೆ. ಮೊದಲನೆಯದು ಬೇಟೆಗೆ ಒಪ್ಪುವ ಬಯಕೆ, ಎರಡನೆಯದು ಒಪ್ಪುವುದಿಲ್ಲ. ಎರಡನ್ನೂ ಒಂದೇ ಕೋವಿಯಲ್ಲಿ ಬೆಸೆದಾಗ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಬೇಟೆಯನ್ನೇ ನಿಲ್ಲಿಸಿದ ನಾಡಿನಲ್ಲಿ ಇದರ ಚರ್ಚೆ ಯಾಕೆ ಎಂದು ಕೇಳುವವರಿರುತ್ತಾರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಾಡುಗಳ ಸ್ಥಿತಿಗೆ ತಕ್ಕ ಉತ್ತರ, ಅದನ್ನು ಸಡಿಲಿಸಬೇಕೆಂಬ ವಾದ ಇಲ್ಲಿಲ್ಲ. ಆದರೆ ಅಮೆರಿಕದ ದಾರಿ ಬೇರೆ. ಅಲ್ಲಿ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ರೈಫಲ್ ಮತ್ತು ತೋಟಾಗಳ ಮೇಲೆ ಶೇಕಡ 11ರ ತೆರಿಗೆ ಇದೆ. ಆ ಹಣ, ಜೊತೆಗೆ ಬೇಟೆ ಲೈಸೆನ್ಸಿನ ಶುಲ್ಕ, ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಲಕ್ಷಕ್ಕೂ ಕೆಳಗೆ ಕುಸಿದಿದ್ದ ಎಲ್ಕ್ ಸಂಖ್ಯೆ ಇಂದು ಹತ್ತು ಲಕ್ಷದ ಹತ್ತಿರ ಇದೆಯೆಂದರೆ ಅದರಲ್ಲಿ ಆ ನಾಡಿನ ಬೇಟೆಗಾರರ ಪಾಲೂ ಇದೆ. ಅಂಥ ವ್ಯವಸ್ಥೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಬೇಟೆಗಾರ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುತ್ತಾನೆ, ತನ್ನಿಂದ ಆಗುವುದನ್ನೆಲ್ಲ ಮಾಡಿಬಿಡುವುದಿಲ್ಲ ಎಂಬುದು. ಆ ಕಟ್ಟು ಸಡಿಲವಾದರೆ ಬೇಟೆಯನ್ನು ಒಪ್ಪದ ನಗರದ ಮತದಾರನಿಗೆ ಕೊಡಲು ಬೇಟೆಗಾರನ ಬಳಿ ಉತ್ತರವೇ ಉಳಿಯುವುದಿಲ್ಲ. ಹಾಗಾಗಿ ಕೋವಿಯ ತೂಕದ ಈ ಪ್ರಶ್ನೆ ಬರೀ ಕಸುಬುದಾರನ ಮೇಜಿನದಲ್ಲ.

ಮೊದಲು ಒದೆತದ ಲೆಕ್ಕ ನೋಡೋಣ, ಯಾಕೆಂದರೆ ಹಗುರ ಮ್ಯಾಗ್ನಮ್ ತನ್ನ ಗುಟ್ಟನ್ನು ಬಿಟ್ಟುಕೊಡುವುದು ಅಲ್ಲಿ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಹೋದಷ್ಟೇ ರಭಸದಲ್ಲಿ ಕೋವಿ ಹಿಂದಕ್ಕೆ ಬರಬೇಕು, ನ್ಯೂಟನ್ನನ ನಿಯಮಕ್ಕೆ ರಿಯಾಯಿತಿ ಇಲ್ಲ. ಹನ್ನೊಂದೂವರೆ ಗ್ರಾಮಿನ ಗುಂಡನ್ನು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ತಳ್ಳುವ .300 ವಿಂಚೆಸ್ಟರ್ ಮ್ಯಾಗ್ನಮ್, ನಾಲ್ಕು ಕಿಲೋದ ಕೋವಿಯಲ್ಲಿ ಹೆಗಲಿಗೆ ಸುಮಾರು 37 ಜೂಲ್ ಶಕ್ತಿಯಿಂದ ಒದೆಯುತ್ತದೆ. ಅದೇ ತೋಟಾ ಮೂರು ಕಿಲೋದ ಕೋವಿಯಲ್ಲಿ 50 ಜೂಲ್ ಹತ್ತಿರ ಹೋಗುತ್ತದೆ. ಕಾಲು ಪಾಲು ಭಾರ ಇಳಿಸಿದ್ದಕ್ಕೆ ಮೂರನೇ ಒಂದು ಪಾಲು ಹೆಚ್ಚು ಒದೆತ. ಕೆನ್ನೆ ಹಿಡಿಗೆ ಒತ್ತಿ, ಉಸಿರು ಅರ್ಧ ಬಿಟ್ಟು, ಟ್ರಿಗರನ್ನು ಹದವಾಗಿ ಹಿಂಡುತ್ತಿರುವ ಮನುಷ್ಯನ ಮೈ ಮಾತ್ರ ಆ ಪೆಟ್ಟನ್ನು ನೆನಪಿಟ್ಟುಕೊಂಡಿರುತ್ತದೆ. ಟ್ರಿಗರ್ ಕಳಚುವ ಕ್ಷಣಕ್ಕೆ ಮುಂಚೆ ಕಣ್ಣು ಮಿಟುಕುತ್ತದೆ, ಹೆಗಲು ಒಂದು ಎಳೆ ಮುಂದಕ್ಕೆ ಸೆಟೆಯುತ್ತದೆ, ನಳಿಗೆಯ ತುದಿ ಕೂದಲೆಳೆಯಷ್ಟು ಸರಿಯುತ್ತದೆ. ಆರುನೂರು ಗಜದ ಆಚೆ ಆ ಕೂದಲೆಳೆ ಒಂದು ಗೇಣಾಗುತ್ತದೆ. ಇದಕ್ಕೆ ಪರಿಹಾರವೆಂದು ನಳಿಗೆಯ ಬಾಯಿಗೆ ಮಜಲ್ ಬ್ರೇಕ್ ಹಾಕಿಸುತ್ತಾರೆ. ಅದು ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ತಗ್ಗಿಸುವುದು ನಿಜ. ಆದರೆ ಆ ಸದ್ದನ್ನೂ ಹೊಡೆಯುವವನ ಮತ್ತು ಪಕ್ಕದವನ ಕಿವಿಯ ಕಡೆಗೇ ತಿರುಗಿಸುತ್ತದೆ. ಮ್ಯಾಗ್ನಮ್ ಕೋವಿಯ ಸದ್ದು ಬ್ರೇಕ್ ಇಲ್ಲದೆಯೂ 140 ಡೆಸಿಬೆಲ್ ದಾಟುತ್ತದೆ, ಒಂದೇ ಈಡಿಗೆ ಕಿವಿಗೆ ಶಾಶ್ವತ ಪೆಟ್ಟು ಮಾಡಬಲ್ಲ ಮಟ್ಟ ಅದು.

ಒದೆತದ ಇನ್ನೊಂದು ಪರಿಣಾಮದ ಬಗ್ಗೆ ಕೋವಿ ಮಾರುವವರು ಕಡಿಮೆ ಮಾತಾಡುತ್ತಾರೆ. ಹಗುರ ಮ್ಯಾಗ್ನಮ್ ಸಿಡಿದ ಕೂಡಲೇ ದುರ್ಬೀನಿನೊಳಗಿನ ಚಿತ್ರ ಎಗರಿ ಆಕಾಶವೋ ಹುಲ್ಲೋ ಕಾಣುತ್ತದೆ, ಪ್ರಾಣಿಯಲ್ಲ. ಗುಂಡು ತಾಗಿದ ಗಳಿಗೆಯಲ್ಲಿ ಪ್ರಾಣಿ ಹೇಗೆ ನಡೆದುಕೊಂಡಿತು, ಮುಗ್ಗರಿಸಿತೇ, ಬೆನ್ನು ಗೂನು ಮಾಡಿತೇ, ಯಾವ ಕಡೆಗೆ ಓಡಿತು ಎಂಬುದನ್ನು ನೋಡಿದವನಿಗೆ ಮಾತ್ರ ಗಾಯದ ಬಗ್ಗೆ ಅಂದಾಜು ಸಿಗುತ್ತದೆ. ಹೊಡೆದವನಿಗೇ ಅದು ಕಾಣದಿದ್ದರೆ, ಪಕ್ಕದಲ್ಲಿ ಇನ್ನೊಬ್ಬ ದುರ್ಬೀನು ಹಿಡಿದು ಕೂತಿರದಿದ್ದರೆ, ಮುಂದಿನ ಹುಡುಕಾಟವೆಲ್ಲ ಕತ್ತಲಲ್ಲಿ ತಡಕಾಡಿದಂತೆ. ಅಭ್ಯಾಸದ ಮಾತೂ ಹಾಗೆಯೇ. ದೂರದ ಈಡಿಗೆ ವರ್ಷಕ್ಕೆ ನೂರಾರು ಗುಂಡುಗಳ ಅಭ್ಯಾಸ ಬೇಕು ಎನ್ನುವುದನ್ನು ಆ ವಿದ್ಯೆಯ ಪಂಡಿತರೇ ಒಪ್ಪುತ್ತಾರೆ. ಆದರೆ ಮೂರು ಕಿಲೋದ ಮ್ಯಾಗ್ನಮ್‌ನಲ್ಲಿ ಒಂದು ಮಧ್ಯಾಹ್ನ ಇಪ್ಪತ್ತು ಗುಂಡು ಹೊಡೆದವನಿಗೆ ಇಪ್ಪತ್ತೊಂದನೆಯದು ಬೇಡವಾಗುತ್ತದೆ. ತೆಳು ನಳಿಗೆ ಮೂರನೆಯ ಗುಂಡಿಗೇ ಬಿಸಿಯೇರಿ ಗುರಿ ಸರಿಯತೊಡಗಬಹುದು. ಮದ್ದು ಹೆಚ್ಚು, ನಳಿಗೆ ಕಿರಿದು ಆದ ತೋಟಾಗಳು ನಳಿಗೆಯ ಗಂಟಲನ್ನೇ ಸುಡುತ್ತವೆ. ಸಾವಿರದಿಂದ ಎರಡು ಸಾವಿರ ಚಿಲ್ಲರೆ ಗುಂಡುಗಳಲ್ಲಿ ಅದರ ನಿಖರತೆ ಮುಗಿಯುತ್ತದೆ. ಅತಿ ಹೆಚ್ಚು ಅಭ್ಯಾಸ ಬೇಡುವ ಈಡಿಗೆ ಅತಿ ಕಡಿಮೆ ಅಭ್ಯಾಸಕ್ಕೆ ಒಗ್ಗುವ ಕೋವಿಯನ್ನು ಕಟ್ಟಿದಂತಾಯಿತು.

ಇನ್ನು ದೂರದ ವಿಷಯ. ಅಲ್ಲಿನ ಕಸುಬುದಾರರು ಕೋವಿಯ ಜೊತೆ ಒಂದು ಕಾಗದದ ಗುರಿಯನ್ನು ಕೊಡುತ್ತಾರೆ, ನೂರು ಗಜದಲ್ಲಿ ಮೂರು ಗುಂಡು ಅರ್ಧ ಇಂಚಿನೊಳಗೆ ಬಿದ್ದ ಗುರುತು. ಕೋವಿಯ ನಿಖರತೆಗೆ ಅದು ಸಾಕ್ಷಿ, ಅನುಮಾನವಿಲ್ಲ. ಲೇಸರ್ ದೂರಮಾಪಕ ಗಜಗಳನ್ನು ಕರಾರುವಾಕ್ಕಾಗಿ ಹೇಳುತ್ತದೆ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ ಗಾಳಿಯ ಒತ್ತಡ, ಉಷ್ಣಾಂಶ ನೋಡಿ ಗುಂಡು ಎಷ್ಟು ಕೆಳಗಿಳಿಯುತ್ತದೆಂದು ಲೆಕ್ಕ ಕೊಡುತ್ತದೆ. ಇನ್ನೂರು ಗಜಕ್ಕೆ ಹೊಂದಿಸಿದ ಮ್ಯಾಗ್ನಮ್‌ನ ಗುಂಡು ಆರುನೂರು ಗಜದಲ್ಲಿ ಎರಡು ಮೀಟರಿನಷ್ಟು, ಸಾವಿರ ಗಜದಲ್ಲಿ ಏಳು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ದುರ್ಬೀನಿನ ತಿರುಗಣೆ ತಿರುಗಿಸಿ ಅದನ್ನು ಸರಿದೂಗಿಸಬಹುದು. ಸರಿದೂಗಿಸಲಾಗದ್ದು ಎರಡಿವೆ. ಒಂದು ಗಾಳಿ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಒಳ್ಳೆಯ ಆಕಾರದ ಗುಂಡನ್ನೂ ಆರುನೂರು ಗಜದಲ್ಲಿ ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಹೊಡೆಯುವವನ ಕೈಯ ಯಂತ್ರ ಅವನು ಮಲಗಿದ ಜಾಗದ ಗಾಳಿಯನ್ನು ಅಳೆಯಬಲ್ಲದು, ಕಣಿವೆಯ ನಡುವಿನದನ್ನಲ್ಲ. ಅಲ್ಲಿ ಬಿಸಿಲು ಬಿದ್ದ ಇಳಿಜಾರಿನಿಂದ ಗಾಳಿ ಮೇಲೇರುತ್ತಿರಬಹುದು, ಆಚೆ ದಂಡೆಯಲ್ಲಿ ತಿರುಗುಮುರುಗಾಗಿ ಬೀಸುತ್ತಿರಬಹುದು. ಅಂದಾಜಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ತಪ್ಪಿದರೆ ಗುಂಡು ಹದಿನೈದು ಸೆಂಟಿಮೀಟರ್ ಆಚೀಚೆ. ಎಲ್ಕ್‌ನ ಹೃದಯ, ಶ್ವಾಸಕೋಶಗಳ ಗುರಿ ಮೂವತ್ತು ಚಿಲ್ಲರೆ ಸೆಂಟಿಮೀಟರ್ ಅಗಲ. ನಡುವಿನಿಂದ ಅಂಚಿಗೆ ಇರುವ ಅಂತರವನ್ನೆಲ್ಲ ಆ ಒಂದು ತಪ್ಪೇ ನುಂಗಿಹಾಕುತ್ತದೆ. ಒದೆತದ ಭಯಕ್ಕೆ, ಏದುಸಿರಿಗೆ, ಓರೆ ನೆಲಕ್ಕೆ ಉಳಿಯುವುದು ಏನೂ ಇಲ್ಲ. ಮುನ್ನೂರು ಗಜದಲ್ಲಿ ಅದೇ ತಪ್ಪು ನಾಲ್ಕು ಸೆಂಟಿಮೀಟರ್ ಆಸುಪಾಸಿನದು.

ಎರಡನೆಯದು ಸಮಯ, ಅದು ಯಾವ ಯಂತ್ರದ ಲೆಕ್ಕಕ್ಕೂ ಸಿಗುವಂಥದ್ದಲ್ಲ. ಆರುನೂರು ಗಜ ಹೋಗಲು ಗುಂಡಿಗೆ ಮುಕ್ಕಾಲು ಸೆಕೆಂಡು ಬೇಕು, ಸಾವಿರ ಗಜಕ್ಕೆ ಸುಮಾರು ಒಂದೂವರೆ ಸೆಕೆಂಡು. ಆಚೆ ದಂಡೆಯಲ್ಲಿ ಹೆಣ್ಣು ಎಲ್ಕ್ ಒಂದು ತಲೆ ತಗ್ಗಿಸಿ ಮೇಯುತ್ತಿದೆ. ಟ್ರಿಗರ್ ಕಳಚಿತು. ಗುಂಡು ಕಣಿವೆಯ ಮೇಲೆ ಹಾರುತ್ತಿರುವಾಗ ಅದು ತಲೆ ಎತ್ತಲೂ ಇಲ್ಲ, ಏನನ್ನೂ ಕೇಳಿಯೂ ಇಲ್ಲ, ಯಾಕೆಂದರೆ ಗುಂಡು ಸದ್ದಿಗಿಂತ ಮುಂದಿದೆ. ಪಕ್ಕದ ಹುಲ್ಲಿನ ಗುಪ್ಪೆ ಚೆನ್ನಾಗಿ ಕಂಡು ಒಂದು ಹೆಜ್ಜೆ ಮುಂದಿಟ್ಟಿತು. ನಿಧಾನ ನಡೆಯ ಒಂದು ಹೆಜ್ಜೆ ಅಂದರೆ ಅರ್ಧದಿಂದ ಮುಕ್ಕಾಲು ಮೀಟರ್. ಭುಜದ ಹಿಂದಿನ ಮಡಿಕೆಗೆ ಹೊರಟಿದ್ದ ಗುಂಡು ಹೊಟ್ಟೆಗೆ, ಮೆಲುಕಿನ ಚೀಲಕ್ಕೆ ತಾಗುತ್ತದೆ. ಗುರಿಕಾರ ಏನೂ ತಪ್ಪು ಮಾಡಿಲ್ಲ, ಕೋವಿಯೂ ಮಾಡಿಲ್ಲ, ಗಾಳಿಯ ಅಂದಾಜೂ ಸರಿಯಾಗಿಯೇ ಇತ್ತು. ಹೊಟ್ಟೆಗೆ ಗುಂಡು ಹೊಕ್ಕ ಎಲ್ಕ್ ಕೂಡಲೇ ಸಾಯುವುದಿಲ್ಲ, ಗಂಟೆಗಟ್ಟಲೆ ನರಳುತ್ತದೆ, ಎಷ್ಟೋ ಸಲ ಮೈಲಿಗಟ್ಟಲೆ ನಡೆದು ಪೊದೆಯಲ್ಲಿ ಮಲಗುತ್ತದೆ. ಗುಂಡು ಸರಿಯಾದ ಜಾಗಕ್ಕೇ ತಾಗಿತೆನ್ನಿ, ಅಷ್ಟು ದೂರ ಹೋದದ್ದರ ವೇಗ ಇಳಿದಿರುತ್ತದೆ. ಬಹುತೇಕ ಬೇಟೆ ಗುಂಡುಗಳು ಸೆಕೆಂಡಿಗೆ 550 ಮೀಟರ್ ಆಸುಪಾಸಿನ ವೇಗಕ್ಕಿಂತ ಕೆಳಗೆ ಮೈಯೊಳಗೆ ಸರಿಯಾಗಿ ಅರಳದೆ ದಬ್ಬಳದಂತೆ ತೂರಿಹೋಗುತ್ತವೆ. ಕಡಿಮೆ ವೇಗಕ್ಕೇ ಅರಳುವ ಗುಂಡುಗಳನ್ನು ಈಗ ಮಾಡುತ್ತಾರೆ ನಿಜ, ಆದರೆ ಹೆಜ್ಜೆ ಮುಂದಿಟ್ಟ ಪ್ರಾಣಿಯನ್ನು ಯಾವ ಗುಂಡೂ ಹಿಂದಕ್ಕೆ ಕರೆಯುವುದಿಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನೆಲ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅಮೆರಿಕದ ಬೇಟೆಗಾರರ ಹಳೆಯ ಸಂಘ. ಪ್ರಾಣಿಯ ಮೇಲೆ ಅನ್ಯಾಯದ ಮೇಲುಗೈ ಪಡೆಯದೆ ಬೇಟೆಯಾಡುವುದಕ್ಕೆ ಅವರು ಫೇರ್ ಚೇಸ್ ಎನ್ನುತ್ತಾರೆ, ನ್ಯಾಯದ ಬೇಟೆ ಎನ್ನೋಣ. ಅತಿ ದೂರದ ಈಡು ಪ್ರಾಣಿ ತನ್ನ ಇಂದ್ರಿಯಗಳಿಂದ ಅಪಾಯ ಅರಿಯುವ ಸಾಮರ್ಥ್ಯವನ್ನೇ ಇಲ್ಲವಾಗಿಸುತ್ತದೆ, ಆದ್ದರಿಂದ ಅದು ಅನ್ಯಾಯದ ಮೇಲುಗೈ ಎಂಬುದು ಆ ಸಂಘದ ಘೋಷಿತ ನಿಲುವು. ಬೇಟೆಯ ವಿರೋಧಿಗಳ ಮಾತಲ್ಲ ಇದು, ಒಳಗಿನವರದೇ. ಎಲ್ಕ್‌ಗೆ ಪ್ರಕೃತಿ ಕೊಟ್ಟದ್ದು ಮೂಗು, ಕಿವಿ, ಕಣ್ಣು. ಗಾಳಿಯ ಒಂದು ಎಳೆ ತಿರುಗಿದರೆ ನೂರಾರು ಗಜದಿಂದಲೇ ಮನುಷ್ಯನ ವಾಸನೆ ಹಿಡಿದು ಇಡೀ ಹಿಂಡು ಮಾಯವಾಗುತ್ತದೆ. ಬೇಟೆ ಅನ್ನುವ ಕ್ರಿಯೆಗೆ ಕೊಂದುಹಾಕುವ ಕೆಲಸಕ್ಕಿಂತ ಬೇರೆ ಅರ್ಥ ಇದ್ದರೆ ಅದು ಇರುವುದು ಈ ಮೂಗು, ಕಿವಿ, ಕಣ್ಣುಗಳನ್ನು ದಾಟಿ ಹೋಗುವ ಪ್ರಯತ್ನದಲ್ಲಿ, ಹತ್ತರಲ್ಲಿ ಎಂಟು ಸಲ ಸೋಲುವುದರಲ್ಲಿ. ಮೂಗಿಗೂ ಕಿವಿಗೂ ನಿಲುಕದ ದೂರದಲ್ಲಿ ಮಲಗಿದವನ ಎದುರು ಆ ಪ್ರಾಣಿ ಬರೀ ಗುರಿಹಲಗೆ.

ದೂರದ ಈಡಿನ ಪರವಾಗಿ ಹೇಳುವವರ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಅದೊಂದು ದೊಡ್ಡ ವಿದ್ಯೆ, ವರ್ಷಗಟ್ಟಲೆ ಶ್ರಮಪಟ್ಟು ಕಲಿತವರಿದ್ದಾರೆ ಎನ್ನುತ್ತಾರೆ. ಹೌದು, ವಿದ್ಯೆಯೇ. ಆ ವಿದ್ಯೆಗೆ ಅಮೆರಿಕದಲ್ಲಿ ಉಕ್ಕಿನ ಗುರಿಹಲಗೆಗಳ ದೊಡ್ಡ ದೊಡ್ಡ ಪಂದ್ಯಗಳಿವೆ, ಭಾರದ ಕೋವಿಗಳಿವೆ, ಸಾವಿರ ಗಜದ ಮೈದಾನಗಳಿವೆ. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆಯಾದ ಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಬೇಟೆ ನಿಂತರೂ ಗುರಿಕಾರಿಕೆ ಅಲ್ಲಿ ಮಾನ ಉಳಿಸಿಕೊಂಡು ಬಂದಿದೆ. ತೆಂಗಿನಕಾಯಿಗೆ ಗುರಿ ತಪ್ಪಿದರೆ ಅದು ನರಳುತ್ತಾ ಪೊದೆ ಸೇರುವುದಿಲ್ಲ. ದೂರದಿಂದ ಹೊಡೆದ ಪ್ರಾಣಿ ಹೆದರದೆ, ನೆಮ್ಮದಿಯಲ್ಲಿ ಮೇಯುತ್ತಲೇ ಸಾಯುತ್ತದಲ್ಲ, ಅದೇ ದಯೆಯಲ್ಲವೇ ಎಂಬುದು ಇನ್ನೊಂದು ವಾದ. ಗುಂಡು ಸರಿಯಾಗಿ ತಾಗಿದಾಗ ಆ ಮಾತು ನಿಜ. ಆದರೆ ತಾಗದೆ ಹೋಗುವ ಸಂಭವ ಗಜಗಳ ಜೊತೆ ಏರುತ್ತಲೇ ಹೋಗುತ್ತದೆ, ಹತ್ತಿರದಿಂದ ಬಂದ ಗುಂಡಿಗೂ ಅರಿವಿಲ್ಲದೆ ಸಾಯುವ ಪ್ರಾಣಿಗಳಿವೆ. ಬಿಲ್ಲು-ಬಾಣದ ಬೇಟೆಯಲ್ಲೂ ಗಾಯಗೊಂಡು ತಪ್ಪಿಸಿಕೊಳ್ಳುವ ಪ್ರಾಣಿಗಳಿಲ್ಲವೇ ಎಂದು ಕೇಳುತ್ತಾರೆ. ಇವೆ, ಅದು ಬಿಲ್ಲುಗಾರರು ಉತ್ತರಿಸಬೇಕಾದ ಪ್ರಶ್ನೆ. ಮೂವತ್ತು ಗಜದಲ್ಲಿ ತಪ್ಪು ಮಾಡಿದವನಿಗೆ ಅದು ಕಣ್ಣೆದುರೇ ಕಾಣುತ್ತದೆ, ಎಲೆಯ ಮೇಲಿನ ಮೊದಲ ರಕ್ತದ ಹನಿಯಿಂದಲೇ ಅವನು ಜಾಡು ಹಿಡಿಯಬಹುದು. ಎಂಟುನೂರು ಗಜದಿಂದ ಹೊಡೆದವನು ಕಣಿವೆಗಿಳಿದು, ಹೊಳೆ ದಾಟಿ, ಎದುರು ದಂಡೆ ಹತ್ತುವಷ್ಟರಲ್ಲಿ ಗಂಟೆ ಕಳೆದಿರುತ್ತದೆ, ಆಚೆಯಿಂದ ಗುರುತಿಟ್ಟ ಬಂಡೆ ಇಲ್ಲಿ ಬಂದು ನೋಡಿದರೆ ಹತ್ತು ಬಂಡೆಗಳಲ್ಲಿ ಯಾವುದೋ ಒಂದಾಗಿರುತ್ತದೆ. ಗುರಿ ತಪ್ಪಿತೆಂದೇ ತಿಳಿದು ಹೋಗಿ ನೋಡದೆ ಇರುವವರೂ ಇದ್ದಾರು ಎಂಬುದು ನನ್ನ ನಿಜವಾದ ಕಳವಳ.

ಕಾನೂನಿಗೆ ಇದನ್ನು ಹಿಡಿಯುವುದು ಸುಲಭವಲ್ಲ. ಇಷ್ಟು ಗಜದಾಚೆ ಹೊಡೆಯಬಾರದೆಂದು ಬರೆದರೆ ಕಾಡಿನಲ್ಲಿ ಟೇಪು ಹಿಡಿದು ನಿಲ್ಲುವವರು ಯಾರು? ಐಡಾಹೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ದುರ್ಬೀನು, ಪಟ್ಟಿ ಎಲ್ಲ ಸೇರಿ 16 ಪೌಂಡಿಗಿಂತ ಭಾರದ ಕೋವಿ ಒಯ್ಯುವಂತಿಲ್ಲ ಎಂಬ ನಿಯಮವಿದೆ, ಅಂದರೆ ಏಳು ಕಿಲೋ ಚಿಲ್ಲರೆ. ಅತಿ ದೂರದ ಈಡಿಗೆ ಅತಿ ಭಾರದ ಕೋವಿ ಬೇಕಾಗಿದ್ದ ಕಾಲದಲ್ಲಿ ಇಂಥ ಮಿತಿಗೆ ಹಲ್ಲುಗಳಿದ್ದವು. ಟೈಟಾನಿಯಂ, ಕಾರ್ಬನ್ ನಾರುಗಳು ಆ ಹಲ್ಲುಗಳನ್ನು ಕಿತ್ತುಹಾಕಿವೆ. ಮೂರೂವರೆ ಕಿಲೋದ ಕೋವಿಯೇ ಈಗ ಕಣಿವೆ ದಾಟಿ ಗುಂಡು ಕಳಿಸುತ್ತದೆ. ಆದ್ದರಿಂದ ನಿರ್ಧಾರ ಕೋವಿ ಹೇಳಿ ಮಾಡಿಸುವ ಕಡೆಗೇ ವಾಪಸು ಬರುತ್ತದೆ, ಗಿರಾಕಿ ಮತ್ತು ಕಸುಬುದಾರ ಎದುರುಬದುರು ಕೂತು ತೋಟಾ ಯಾವುದು ಎಂದು ಗೊತ್ತುಮಾಡುವ ಮೇಜಿಗೆ. ಅಲ್ಲಿ ಮ್ಯಾಗ್ನಮ್ ಬಿಟ್ಟು ನೋಡಿದರೆ ಹಗುರ ಕೋವಿ ಎಷ್ಟು ಸುಖದ ವಸ್ತು! 1980ರಲ್ಲಿ ಬಂದ 7 ಎಂಎಂ-08 ರೆಮಿಂಗ್ಟನ್ ತೋಟಾವನ್ನು ಅದೇ ಮೂರು ಕಿಲೋದ ಕೋವಿಗೆ ಕೂರಿಸಿದರೆ ಒದೆತ 24 ಜೂಲ್ ಸುತ್ತಮುತ್ತ, .300 ಮ್ಯಾಗ್ನಮ್‌ನ ಅರ್ಧಕ್ಕಿಂತ ಕಡಿಮೆ. ಬ್ರೇಕ್ ಬೇಡ, ಅದು ಕಿವಿಯ ಕಡೆಗೆ ತಿರುಗಿಸುವ ಹೆಚ್ಚಿನ ಸದ್ದೂ ಇಲ್ಲ, ನಳಿಗೆ ಚಿಕ್ಕದಾದರೂ ನಡೆಯುತ್ತದೆ, ಅಭ್ಯಾಸಕ್ಕೆ ಹೆಗಲು ಒಲ್ಲೆ ಅನ್ನುವುದಿಲ್ಲ. ಮುನ್ನೂರು ಗಜದೊಳಗೆ ಒಳ್ಳೆಯ ಗುಂಡು ಸರಿಯಾದ ಜಾಗಕ್ಕೆ ತಾಗಿದರೆ ಎಲ್ಕ್‌ಗೂ ಅದು ಸಾಕು. ಬಂದೂಕಿನ ಬರಹಗಾರ ಜ್ಯಾಕ್ ಓಕಾನರ್ ಸೊನೋರಾದ ಮರುಭೂಮಿಯಿಂದ ಯುಕಾನ್‌ನ ಬೆಟ್ಟಗಳವರೆಗೆ ಕಾಡುಕುರಿಗಳ ಹಿಂದೆ ತಿರುಗಿ ಹೆಸರು ಮಾಡಿದ್ದು .270 ವಿಂಚೆಸ್ಟರ್ ಹಿಡಿದು, ಅದು 1925ರ ತೋಟಾ, ಮ್ಯಾಗ್ನಮ್ ಅಲ್ಲ.

ಕೊನೆಯ ಆಕ್ಷೇಪ ನೆಲದ್ದು. ಮರವಿಲ್ಲದ ಬೋಳು ಬಟ್ಟಲಿನಂಥ ಕಣಿವೆಗಳಿವೆ, ಅಲ್ಲಿ ಆರುನೂರು ಗಜಕ್ಕಿಂತ ಹತ್ತಿರ ಹೋಗಲಿಕ್ಕೆ ಮರೆಯೇ ಇಲ್ಲ, ಆಗ ಏನು ಮಾಡಬೇಕು ಎಂದು ಕೇಳುತ್ತಾರೆ. ಸಂಜೆಯವರೆಗೆ ಕಾಯಬಹುದು, ಬಿಸಿಲಿಳಿದಂತೆ ಬೆಟ್ಟದ ಗಾಳಿ ಕೆಳಮುಖವಾಗುತ್ತದೆ, ಆಗ ಕೆಳಗಿನಿಂದ ಹತ್ತಬಹುದು. ಎರಡು ಮೈಲಿ ಬಳಸಿ ಹಿಂಬದಿಯ ಏಣಿನಿಂದ ಇಳಿಯಬಹುದು, ಹಗುರ ಕೋವಿ ಇರುವುದು ಆ ಎರಡು ಮೈಲಿಗಾಗಿಯೇ. ಹಿಂಡು ತಾನಾಗಿ ಮರಗಳ ಕಡೆಗೆ ಸರಿಯುವುದೇ ಎಂದು ಮರುದಿನ ಮುಂಜಾನೆ ಬಂದು ನೋಡಬಹುದು. ಅದ್ಯಾವುದೂ ಆಗಲಿಲ್ಲವೆಂದರೆ ಆ ಎಲ್ಕ್ ಅಂದಿಗೆ ಗೆದ್ದಿತು. ಮೂರು ಕಿಲೋದ ಕೋವಿಯನ್ನು ಹೆಗಲಿಗೇರಿಸಿಕೊಂಡು ಬರಿಗೈಯಲ್ಲಿ ಇಳಿದು ಬರುವುದು ಅಂಥ ಭಾರವೇನಲ್ಲ.